ಅಲಾಸ್ಕಾ ಹಡಗಿನ ತಾರೀಖು ಬದಲಾಯಿಸಿದ ಲೆಕ್ಕ

ಮೇ 22, 2025, ಗುರುವಾರ
ಸಿಯಾಟಲ್

ಇವತ್ತು ಊಟದ ಹೊತ್ತಿಗೆ ಕೈಗೆ ತಗೊಂಡ ಫೋನು ಕೆಳಗಿಡುವಾಗ ಸಂಜೆಯಾಗಿತ್ತು. ಆಗಬೇಕಿದ್ದದ್ದು ಒಂದೇ ಕೆಲಸ. ಆಗಸ್ಟ್ 24ಕ್ಕೆ ಹೊರಡಬೇಕಿದ್ದ ಅಲಾಸ್ಕಾ ಪ್ರಯಾಣವನ್ನು ಸೆಪ್ಟೆಂಬರ್ 14ಕ್ಕೆ ಹಾಕಿಸಬೇಕಿತ್ತು. ಅದೇ ಹಡಗು, ಅದೇ ಏಳು ರಾತ್ರಿ, ಅದೇ ನಾಲ್ಕು ಜನ: ಅಪ್ಪ, ಅಮ್ಮ, ನಾನು, ನನ್ನ ಗಂಡ. ಅದಕ್ಕೆ ಏಜೆನ್ಸಿಯವರು ಮೊದಲು ಹೇಳಿದ ಮೊತ್ತ 900 ಡಾಲರ್.

ಬದಲಾಯಿಸಲು ಕಾರಣ ಅಪ್ಪನ ಮಂಡಿ. ಶಿವಮೊಗ್ಗದಲ್ಲಿ ಹೋದ ವಾರ ಡಾಕ್ಟರು ಎಕ್ಸ್‌ರೇ ನೋಡಿ, ಇನ್ನು ತಡ ಮಾಡಬೇಡಿ ಎಂದರಂತೆ. ಜೂನ್ ಮೊದಲ ವಾರ ಆಪರೇಷನ್. ಆಮೇಲೆ ಮೂರು ತಿಂಗಳು ದೂರದ ವಿಮಾನ ಪ್ರಯಾಣ ಬೇಡ ಎಂದೂ ಹೇಳಿದ್ದಾರೆ. ತುಂಬ ಹೊತ್ತು ಕಾಲು ಮಡಚಿ ಕೂತರೆ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ. ಅಪ್ಪ, ಅಮ್ಮ ಇಬ್ಬರಿಗೂ ಅಮೆರಿಕದ ವೀಸಾ ಇದೆ. ಹಡಗು ವಿಕ್ಟೋರಿಯಾದಲ್ಲಿ ನಿಲ್ಲುತ್ತದೆ ಎಂದು ಕೆನಡಾ ವೀಸಾವನ್ನೂ ಮಾಡಿಸಿಟ್ಟಿದ್ದೇವೆ. ರಿಟೈರ್ ಆದಾಗಿನಿಂದ ಅಪ್ಪ ಕೇಳಿದ್ದು ಇದೊಂದನ್ನೇ. ಹಿಮನದಿ ನೋಡಬೇಕು ಅಂತ. ಹಾಗಾಗಿ ರದ್ದು ಮಾಡುವ ಮಾತೇ ಇರಲಿಲ್ಲ.

ನಾವು ಬುಕ್ ಮಾಡಿದ್ದು ಒಂದು ಆನ್‌ಲೈನ್ ಏಜೆನ್ಸಿಯ ಮೂಲಕ, ಜನವರಿಯಲ್ಲಿ. ವರ್ಷದ ಮೊದಲ ಎರಡು ಮೂರು ತಿಂಗಳಲ್ಲಿ ಹಡಗಿನ ಕಂಪನಿಗಳು ಆಫರ್ ಮೇಲೆ ಆಫರ್ ಬಿಡುತ್ತವೆ. ನಮಗೂ ಒಂದು ಸಿಕ್ಕಿತ್ತು. ಬಾಲ್ಕನಿ ಇರುವ ಎರಡು ಕ್ಯಾಬಿನ್, ತಲೆಗೆ 1,290 ಡಾಲರ್. ಜೊತೆಗೆ ಹಡಗಿನಲ್ಲೇ ಖರ್ಚು ಮಾಡಿಕೊಳ್ಳಲು ಕ್ಯಾಬಿನ್ನಿಗೆ 100 ಡಾಲರ್ ಕ್ರೆಡಿಟ್. ತಲಾ 250ರಂತೆ ಸಾವಿರ ಡಾಲರ್ ಮುಂಗಡ ಕಟ್ಟಿದೆವು. ಆ ಮುಂಗಡ ವಾಪಸ್ ಬರುವುದಿಲ್ಲ, ಬದಲಾವಣೆಗೆ ಶುಲ್ಕ ಇರುತ್ತದೆ ಎಂದು ಹಣ ಕಟ್ಟುವ ಪುಟದಲ್ಲೇ ಬರೆದಿತ್ತು. ಆದರೆ ಎಷ್ಟು ಶುಲ್ಕ, ಯಾರಿಗೆ, ತಲೆಗಾ ಬುಕಿಂಗಿಗಾ ಎನ್ನುವುದು ಆ ಪುಟದಲ್ಲಿ ಇರಲಿಲ್ಲ.

ಏಜೆನ್ಸಿ ಮೂಲಕ ಮಾಡಿಸಿದ ಬುಕಿಂಗನ್ನು ಹಡಗಿನ ಕಂಪನಿಯವರು ಮುಟ್ಟುವುದಿಲ್ಲ. ಅವರಿಗೆ ಫೋನ್ ಮಾಡಿದರೆ ಏಜೆನ್ಸಿಯನ್ನೇ ಕೇಳಿ ಅನ್ನುತ್ತಾರೆ. ಏಜೆನ್ಸಿಯವಳು ಮರ್ಯಾದೆಯಿಂದಲೇ ಮಾತಾಡಿದಳು. ಒಟ್ಟು 900 ಆಗುತ್ತದೆ, ಕಾರ್ಡ್ ನಂಬರ್ ಕೊಡಿ ಎಂದಳು. ಕಾರ್ಡ್ ಆಮೇಲೆ, ಮೊದಲು ಒಂದೊಂದೇ ಸಾಲು ಬಿಡಿಸಿ ಹೇಳಿ ಎಂದೆ. ಅವಳು ಹೇಳುತ್ತಾ ಹೋದಳು, ನಾನು ಬರೆದುಕೊಂಡೆ.

ಹಡಗಿನ ಕಂಪನಿಯ ಬದಲಾವಣೆ ಶುಲ್ಕ ತಲೆಗೆ 100, ನಾಲ್ಕು ಜನಕ್ಕೆ 400. ಇದನ್ನು ನಮ್ಮ ಸಾವಿರ ಡಾಲರ್ ಮುಂಗಡದಿಂದಲೇ ಮುರಿದುಕೊಳ್ಳುತ್ತಾರೆ. ಹೊಸ ಬುಕಿಂಗಿನಲ್ಲಿ ಮುಂಗಡ 600 ಎಂದು ಕಾಣುತ್ತದೆ, ಉಳಿದ 400 ನಾವು ಮತ್ತೆ ತುಂಬಬೇಕು. ಏಜೆನ್ಸಿಯ ಸೇವಾ ಶುಲ್ಕ ತಲೆಗೆ 40, ಒಟ್ಟು 160. ಇದು ನನಗೆ ಹೊಸದು. ಇದರ ಸುಳಿವು ಬುಕ್ ಮಾಡಿದ ದಿನ ಬಂದ ಇಮೇಲಿನಲ್ಲೂ ಇರಲಿಲ್ಲ. ಏಜೆನ್ಸಿಯ ನಿಯಮಗಳ ಪುಟಕ್ಕೆ ಹೋಗಿ, ತುಂಬಾ ಕೆಳಗೆ ಇಳಿದ ಮೇಲೆ ಕಂಡಿತು. ಮೂರನೆಯದು ದರದ ವ್ಯತ್ಯಾಸ. ತಲಾ 85ರಂತೆ 340.

ಈ ಮೂರನೆಯ ಸಾಲಿನ ಬಗ್ಗೆ ಸ್ವಲ್ಪ ಬಿಡಿಸಿ ಬರೆಯಬೇಕು. ಇದಕ್ಕೆ ಯಾರೂ ಶುಲ್ಕ ಅನ್ನುವುದಿಲ್ಲ. ಶುಲ್ಕ ಎಷ್ಟು ಎಂದು ಕೇಳಿದರೆ ಇದನ್ನು ಬಿಟ್ಟೇ ಹೇಳುತ್ತಾರೆ. ಹಡಗಿನ ದರ ದಿನಾ ಏರಿ ಇಳಿಯುತ್ತದೆ. ತಾರೀಖು ಬದಲಾದ ಕೂಡಲೇ ನಮ್ಮ ಜನವರಿ ದರ ಹೋಯಿತು, ಇವತ್ತಿನ ದರ ಬಂತು. ಸೆಪ್ಟೆಂಬರ್ ಮಧ್ಯಕ್ಕೆ ಇಲ್ಲಿ ಶಾಲೆಗಳು ಶುರುವಾಗಿರುತ್ತವೆ, ಅಲಾಸ್ಕಾದಲ್ಲಿ ಮಳೆ ಜಾಸ್ತಿ, ಜನ ಕಡಿಮೆ. ಆದ್ದರಿಂದ ಸೆಪ್ಟೆಂಬರ್ ಅಗ್ಗವೇ. ಇವತ್ತು ಆಗಸ್ಟ್ 24ರ ಹಡಗಿಗೆ ಅದೇ ಬಾಲ್ಕನಿ 1,520 ತೋರಿಸುತ್ತಿದೆ, ಸೆಪ್ಟೆಂಬರ್ 14ಕ್ಕೆ 1,375. ಅಂದರೆ ನಾವು ದುಬಾರಿ ವಾರ ಬಿಟ್ಟುಕೊಟ್ಟು ಅಗ್ಗದ ವಾರಕ್ಕೆ ಹೋಗುತ್ತಿದ್ದೇವೆ. ನಾವು ಬಿಟ್ಟ ಎರಡು ಕ್ಯಾಬಿನ್ನುಗಳನ್ನು ಕಂಪನಿ ಇವತ್ತೇ ತಲೆಗೆ 230 ಡಾಲರ್ ಜಾಸ್ತಿಗೆ ಮಾರಬಹುದು. ಹಾಗಿದ್ದೂ ವ್ಯತ್ಯಾಸ ಕಟ್ಟಬೇಕಾದವರು ನಾವು. ಜೊತೆಗೆ ಕ್ಯಾಬಿನ್ನಿಗೆ 100ರ ಕ್ರೆಡಿಟ್ ಕೂಡ ಆಫರ್ ಮುಗಿದಿದೆ ಎಂದು ಹೋಯಿತು. ಅದು ಬಿಲ್ಲಿನಲ್ಲಿ ಸಾಲಾಗಿ ಬರಲೇ ಇಲ್ಲ. ಕೇಳಿದ ಮೇಲೆ ಹೇಳಿದಳು. ಅದನ್ನೂ ಸೇರಿಸಿದರೆ ನಿಜವಾದ ಲೆಕ್ಕ 1,100.

ಮುಂಗಡ ಪೂರ್ತಿ ಬಿಟ್ಟು ಬುಕಿಂಗ್ ರದ್ದು ಮಾಡಿದ್ದರೂ ಹೋಗುತ್ತಿದ್ದದ್ದು ಸಾವಿರ!

ಕೋಪ ಬಂತು. ಕಂಪನಿಗೂ ಖರ್ಚಿರುತ್ತದೆ, ಕೊನೆ ಗಳಿಗೆಯಲ್ಲಿ ಬಿಟ್ಟ ಕ್ಯಾಬಿನ್ ಖಾಲಿ ಹೋಗಬಹುದು, ಅದೆಲ್ಲ ಒಪ್ಪುತ್ತೇನೆ. ಆದರೆ ನಾವು ಮೂರು ತಿಂಗಳು ಮುಂಚೆ ಕೇಳುತ್ತಿದ್ದೇವೆ. ಕಂಪ್ಯೂಟರಿನಲ್ಲಿ ಒಂದು ಬುಕಿಂಗ್ ತೆಗೆದು ಇನ್ನೊಂದು ಹಾಕುವ ಕೆಲಸಕ್ಕೆ ತಲೆ ಎಣಿಸಿ ದುಡ್ಡು ತಗೊಳ್ಳುವುದು ನ್ಯಾಯ ಅಲ್ಲ. ಇಬ್ಬರು ಹೋಗುವವರಿಗೂ ನಾಲ್ಕು ಜನ ಹೋಗುವವರಿಗೂ ಕೆಲಸ ಹೆಚ್ಚುಕಡಿಮೆ ಒಂದೇ ಅಲ್ವಾ? ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಮನೆಗಳಿಗೇ ಈ ಲೆಕ್ಕ ಭಾರ. ತಾರೀಖು ಬದಲಾಯಿಸುವ ಪ್ರಸಂಗ ಬರುವುದೂ ಅಂಥ ಮನೆಗಳಲ್ಲೇ ಜಾಸ್ತಿ.

2024ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನು ಬಂದಿದೆ. ಸರ್ಕಾರದ ತೆರಿಗೆ ಬಿಟ್ಟು, ಕಡ್ಡಾಯವಾಗಿ ಕಟ್ಟಬೇಕಾದ ಶುಲ್ಕವನ್ನೆಲ್ಲ ಮೊದಲೇ ಬೆಲೆಯಲ್ಲಿ ಸೇರಿಸಿ ತೋರಿಸಬೇಕು. ಆ ಮೇಲೆ ಹಲವು ಹಡಗಿನ ಕಂಪನಿಗಳು ಇಡೀ ಅಮೆರಿಕಕ್ಕೇ ಹಾಗೆ ತೋರಿಸಲು ಶುರು ಮಾಡಿದವು. ಒಳ್ಳೆಯದೇ ಆಯಿತು. ಮೊದಲೆಲ್ಲ ಬಂದರಿನ ಶುಲ್ಕ, ತೆರಿಗೆ ಎಂದು ಕೊನೆಯ ಪುಟದಲ್ಲಿ ಇನ್ನೂರು ಮುನ್ನೂರು ಡಾಲರ್ ಏರುತ್ತಿತ್ತು. ಆದರೆ ಅದು ಕೊಳ್ಳುವ ಬೆಲೆಯ ಮಾತು. ಬದಲಾಯಿಸಿದರೆ ಏನಾಗುತ್ತದೆ ಎನ್ನುವುದು ಇನ್ನೂ ನಿಯಮಗಳ ಪುಟದಲ್ಲೇ ಹೂತಿದೆ. ವಿಮಾನದ ಟಿಕೆಟ್ಟನ್ನು ವಿಮಾನ ಕಂಪನಿಯಿಂದಲೇ, ಹೊರಡುವ ಏಳು ದಿನ ಮುಂಚೆ ತಗೊಂಡರೆ, 24 ಗಂಟೆಯೊಳಗೆ ದಂಡ ಇಲ್ಲದೆ ಬಿಡಬಹುದು ಎಂದು ಇಲ್ಲಿ ಸರ್ಕಾರದ ನಿಯಮ ಇದೆ. ಹಡಗಿಗೆ ಆ ನಿಯಮ ಇಲ್ಲ.

ಅಮ್ಮನಿಗೆ ಫೋನಿನಲ್ಲಿ ಇದೆಲ್ಲ ಹೇಳಿದೆ. "ಪುಟ್ಟಿ, ಅಷ್ಟೊಂದು ದುಡ್ಡು ಸುಮ್ನೆ ಯಾಕೆ ಕೊಡ್ತೀಯ? ಅಪ್ಪ ಇಲ್ಲೇ ಇರ್ಲಿ, ನಿನ್ನ ಅಣ್ಣ ನೋಡ್ಕೋತಾನೆ. ನಾನೊಬ್ಬಳೇ ಬರ್ತೀನಿ" ಎಂದರು. ಅಪ್ಪ ಪಕ್ಕದಲ್ಲೇ ಇದ್ದರು ಅಂತ ಕಾಣುತ್ತದೆ, ಏನೂ ಮಾತಾಡಲಿಲ್ಲ. ಅಮ್ಮ ಹೇಳಿದರಲ್ಲ ಎಂದು ಅದನ್ನೂ ವಿಚಾರಿಸಿದೆ. ಕ್ಯಾಬಿನ್ ದರ ಇಬ್ಬರು ಇರುತ್ತಾರೆ ಎಂದು ಹಾಕಿದ್ದು. ಒಬ್ಬರೇ ಉಳಿದರೆ ಹೆಚ್ಚುಕಡಿಮೆ ಇಬ್ಬರ ದುಡ್ಡೂ ಅವರೇ ಕೊಡಬೇಕು. ಅಪ್ಪನ ಪಾಲಿನ ತೆರಿಗೆ, ಬಂದರು ಶುಲ್ಕ ಮಾತ್ರ ಬಿಡುತ್ತಾರೆ. ಅಪ್ಪ ಬಾರದಿದ್ದರೂ ಅಪ್ಪನ ದುಡ್ಡು ಹೋಗುತ್ತದೆ ಎಂದು ಹೇಳಿದ ಮೇಲೆ ಅಮ್ಮ ಸುಮ್ಮನಾದರು.

ಇನ್ನೊಂದು ತೊಡಕು ನಮ್ಮ ಮನೆಯಲ್ಲೇ ಇತ್ತು. ಸೆಪ್ಟೆಂಬರ್ 15, ಸೋಮವಾರ ಇವರಿಗೆ ಆಫೀಸಿನಲ್ಲಿ ತಪ್ಪಿಸಿಕೊಳ್ಳಲಾಗದ ಕೆಲಸ. ನೀವು ಮೂವರು ಭಾನುವಾರ ಹೊರಡಿ, ನಾನು ವಿಮಾನದಲ್ಲಿ ಅಲಾಸ್ಕಾದ ಜೂನೋಗೆ ಬಂದು ಅಲ್ಲಿ ಹಡಗು ಹತ್ತುತ್ತೇನೆ ಎಂದರು. ಕೇಳಲು ಸುಲಭ. ಆದರೆ ಆಗುವುದಿಲ್ಲ. ಅಮೆರಿಕದಲ್ಲಿ 1886ರ ಒಂದು ಕಾನೂನು ಇನ್ನೂ ಜಾರಿಯಲ್ಲಿದೆ. ಬೇರೆ ದೇಶದ ಬಾವುಟದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡವರನ್ನು ಅಮೆರಿಕದ ಇನ್ನೊಂದು ಬಂದರಿಗೆ ಒಯ್ದು ಇಳಿಸುವ ಹಾಗಿಲ್ಲ. ಅಲಾಸ್ಕಾಕ್ಕೆ ಹೋಗುವ ದೊಡ್ಡ ಹಡಗುಗಳೆಲ್ಲ ಬಹಾಮಾಸ್, ಪನಾಮಾದಂಥ ದೇಶಗಳ ಬಾವುಟದವು. ಸಿಯಾಟಲ್‌ನಲ್ಲಿ ಹತ್ತಿ ಸಿಯಾಟಲ್‌ನಲ್ಲೇ ಇಳಿದರೆ, ನಡುವೆ ಕೆನಡಾದ ವಿಕ್ಟೋರಿಯಾ ಬಂದಿರುವುದರಿಂದ ಸರಿ. ಜೂನೋದಲ್ಲಿ ಹತ್ತಿ ಸಿಯಾಟಲ್‌ನಲ್ಲಿ ಇಳಿದರೆ, ಹತ್ತಿದ ಬಂದರು ಬೇರೆ, ಇಳಿದದ್ದು ಬೇರೆ ಆದ್ದರಿಂದ, ನಡುವೆ ವಿಕ್ಟೋರಿಯಾ ಬಂದರೂ ತಪ್ಪು. ಸರ್ಕಾರ ಹಾಕುವ ದಂಡ ತಲೆಗೆ ನೂರಾರು ಡಾಲರ್, ಅದನ್ನು ಕಂಪನಿ ಪ್ರಯಾಣಿಕರ ಮೇಲೇ ಹಾಕುತ್ತದೆ. ಕೊನೆಗೆ ಇವರು ಆಫೀಸಿನ ಕೆಲಸವನ್ನೇ ಹಿಂದಿನ ಶುಕ್ರವಾರಕ್ಕೆ ಹಾಕಿಸಿಕೊಂಡರು. ಹಡಗಿನವರಿಗಿಂತ ಆಫೀಸಿನವರು ಬೇಗ ಒಪ್ಪಿದರು.

ಬಿಲ್ಲಿನಲ್ಲಿ ನನಗೆ ಬೇಸರ ಇಲ್ಲದ ಸಾಲುಗಳೂ ಇವೆ. ಅಲಾಸ್ಕಾ ರಾಜ್ಯ ದೊಡ್ಡ ಹಡಗಿನ ಪ್ರತಿ ಪ್ರಯಾಣಿಕರಿಂದ 34.50 ಡಾಲರ್ ತೆರಿಗೆ ತಗೊಳ್ಳುತ್ತದೆ. 2006ರಲ್ಲಿ ಅಲ್ಲಿನ ಜನ ಮತ ಹಾಕಿ ತಂದದ್ದು. ಆಗ 46 ಇತ್ತು, 2010ರಲ್ಲಿ ಇಳಿಸಿದರು. ಜೂನೋ ಊರೂ 5 ಮತ್ತು 3 ಡಾಲರಿನ ಎರಡು ಶುಲ್ಕ ತಗೊಳ್ಳುತ್ತದೆ. ಮೂವತ್ತು ಸಾವಿರ ಚಿಲ್ಲರೆ ಜನರ ಊರಿಗೆ ಒಂದೇ ದಿನ ಸಾವಿರಗಟ್ಟಲೆ ಜನ ಬಂದು ಇಳಿದರೆ ಹಡಗುಕಟ್ಟೆ, ರಸ್ತೆ, ಶೌಚಾಲಯ ನೋಡಿಕೊಳ್ಳುವವರು ಯಾರು? ಆ ದುಡ್ಡು ಸಂತೋಷದಿಂದ ಕೊಡುತ್ತೇನೆ. ಇನ್ನೊಂದು ವಿಷಯ, ಹಡಗು ಹತ್ತದೆ ರದ್ದು ಮಾಡಿದವರಿಗೆ ಈ ತೆರಿಗೆ, ಬಂದರು ಶುಲ್ಕ ವಾಪಸ್ ಬರಬೇಕು. ಮೊದಲೇ ಕಟ್ಟಿದ ಟಿಪ್ಸ್ ಕೂಡ. ಟಿಕೆಟ್ ದುಡ್ಡು ಪೂರ್ತಿ ಹೋಗುವ ಹೊತ್ತಿನಲ್ಲೂ ಇವು ಬರುತ್ತವೆ. ಕಾರ್ಡಿಗೆ ಬಂತಾ ಎಂದು ನೋಡಿಕೊಳ್ಳಿ, ಬಂದಿರದಿದ್ದರೆ ಕೇಳಿ ತಗೊಳ್ಳಿ.

ಸಂಜೆ ಮತ್ತೆ ಫೋನ್ ಮಾಡಿ ಮೇಲಿನವರನ್ನು ಕೊಡಿ ಎಂದೆ. ಈ ಸಲ ಹಡಗಿನ ನಕ್ಷೆ ಎದುರಿಗೆ ಬಿಚ್ಚಿಕೊಂಡು ಕೂತಿದ್ದೆ. ನಮ್ಮದು ಒಂಬತ್ತನೆಯ ಮಹಡಿ, ಹಿಂಭಾಗದಲ್ಲಿ. ಲಿಫ್ಟಿನಿಂದ ಕ್ಯಾಬಿನ್ ಬಾಗಿಲವರೆಗೆ ಉದ್ದದ ಓಣಿ. ಏಳನೆಯ ಮಹಡಿಯಲ್ಲಿ ನಡುಭಾಗಕ್ಕೆ ಎರಡು ಬಾಲ್ಕನಿ ಕ್ಯಾಬಿನ್ ಅಕ್ಕಪಕ್ಕ ಖಾಲಿ ಇದ್ದವು. ಲಿಫ್ಟ್ ಹತ್ತಿರ. ಬಾಲ್ಕನಿ ಸ್ವಲ್ಪ ಚಿಕ್ಕದು, ದರ 1,325. ಹಡಗಿನ ನಡುಭಾಗದಲ್ಲಿ, ಕೆಳಗಿನ ಮಹಡಿಯಲ್ಲಿ ತುಯ್ದಾಟವೂ ಕಡಿಮೆ. ಹೊಸ ಮಂಡಿಯವರಿಗೆ ಮೇಲಿನದಕ್ಕಿಂತ ಇದೇ ವಾಸಿ. 340 ಇದ್ದ ವ್ಯತ್ಯಾಸ 140ಕ್ಕೆ ಇಳಿಯಿತು. ಸೇವಾ ಶುಲ್ಕದ ಬಗ್ಗೆ, ನೀವು ಬದಲಾಯಿಸುವುದು ಎರಡು ಬುಕಿಂಗ್, ನಾಲ್ಕಕ್ಕೆ ಯಾಕೆ ತಗೊಳ್ಳುತ್ತೀರಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಕಾಯಿಸಿ 80ಕ್ಕೆ ಒಪ್ಪಿದರು. ಕ್ರೆಡಿಟ್ಟಿನಲ್ಲಿ ಅರ್ಧ, ಕ್ಯಾಬಿನ್ನಿಗೆ 50, ವಾಪಸ್ ಕೊಟ್ಟರು. ಕಂಪನಿಯ 400 ಮಾತ್ರ ಅಲ್ಲಾಡಲಿಲ್ಲ. ಒಟ್ಟು 620. ಎಲ್ಲವನ್ನೂ ಸಾಲು ಸಾಲಾಗಿ ಇಮೇಲಿನಲ್ಲಿ ತರಿಸಿಕೊಂಡು, ಓದಿ, ಆಮೇಲೆ ಕಾರ್ಡ್ ನಂಬರ್ ಕೊಟ್ಟೆ.

ಹೀಗೆ ಕೇಳಿದರೆ 280 ಕಡಿಮೆಯಾಗುತ್ತದೆ ಎಂದರೆ, ಕೇಳದವರೆಲ್ಲ ಪೂರ್ತಿ ಕೊಡುತ್ತಿದ್ದಾರೆ ಎಂದಾಯಿತು. ಇಂಗ್ಲಿಷಿನಲ್ಲಿ ವಾದ ಮಾಡಲು ಹಿಂಜರಿಯುವ ನಮ್ಮ ಕಡೆಯ ಹಿರಿಯರು ಎಷ್ಟೋ ಜನ ಮೊದಲ ಮಾತಿಗೇ ದುಡ್ಡು ಕಟ್ಟಿ ಫೋನ್ ಇಟ್ಟಿರುತ್ತಾರೆ. ಅದು ನನಗೆ ತುಂಬಾ ಬೇಜಾರು ತಂದಿತು.

ಇವತ್ತೇ ಮುಗಿಸಲೇಬೇಕು ಎಂದು ಕೂತದ್ದಕ್ಕೆ ಕಾರಣ ಇದೆ. ನಮ್ಮ ಬುಕಿಂಗಿಗೆ ಹೊರಡುವ 90 ದಿನ ಮುಂಚೆ ಪೂರ್ತಿ ಹಣ ಕಟ್ಟಬೇಕು. ಆಗಸ್ಟ್ 24ಕ್ಕೆ ಆ ದಿನ ಬರುವ ಸೋಮವಾರ, ಮೇ 26. ಅವತ್ತು ಮೆಮೋರಿಯಲ್ ಡೇ ರಜೆ, ಏಜೆನ್ಸಿಯ ಫೋನ್ ಎತ್ತುವವರು ಇರುವುದಿಲ್ಲ. ಆ ದಿನ ದಾಟಿದರೆ ಬದಲಾವಣೆ ಎಂಬುದೇ ಇಲ್ಲ, ರದ್ದು ಮಾಡಿದ ಲೆಕ್ಕಕ್ಕೇ ಹೋಗುತ್ತದೆ. ದಿನ ಹತ್ತಿರವಾದಂತೆ ಅರ್ಧ, ಮುಕ್ಕಾಲು, ಕೊನೆಯ ತಿಂಗಳಲ್ಲಿ ಪೂರ್ತಿ ಹಣ ಹೋಗುತ್ತದೆ. ಬೇರೆ ಕಂಪನಿಗಳಲ್ಲಿ 75 ದಿನ ಇರಬಹುದು, ಉದ್ದದ ಪ್ರಯಾಣಕ್ಕೆ 120 ಇರಬಹುದು. ನಿಮ್ಮದು ಎಷ್ಟು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಬೆಂಗಳೂರಿನಿಂದ ಬರುವ ವಿಮಾನದ ಟಿಕೆಟ್ಟನ್ನು ಅಣ್ಣ ಅಲ್ಲಿಂದಲೇ ಬದಲಾಯಿಸಿದ. ತಲಾ 11,000 ರೂಪಾಯಿ ಜಾಸ್ತಿ ಆಯಿತು. ಅಪ್ಪ ಹೊರಡುವುದು ಸೆಪ್ಟೆಂಬರ್ 11ಕ್ಕೆ. ಜೂನೋ, ಸ್ಕಾಗ್ವೇ, ಕೆಚಿಕಾನ್, ವಿಕ್ಟೋರಿಯಾ ನಾಲ್ಕರಲ್ಲೂ ಹಡಗು ಕಟ್ಟೆಗೇ ಬಂದು ನಿಲ್ಲುತ್ತದೆ ಎಂದು ಕೇಳಿ ಖಚಿತ ಮಾಡಿಕೊಂಡೆ. ನಡುನೀರಿನಲ್ಲಿ ನಿಂತು ಸಣ್ಣ ದೋಣಿಗೆ ಇಳಿಸುವ ಕಡೆಗಳಲ್ಲಿ ಅಪ್ಪನಿಗೆ ಕಷ್ಟವಾಗುತ್ತಿತ್ತು.

ಹೊಸ ತಾರೀಖಿಗೆ ಉಳಿದ ಹಣ ಕಟ್ಟಲು ಕೊನೆಯ ದಿನ ಜೂನ್ 16. ಅಷ್ಟರಲ್ಲಿ ಆಪರೇಷನ್ ಆಗಿ ಹತ್ತು ದಿನವಾದರೂ ಕಳೆದಿರುತ್ತದೆ. ಹೊಲಿಗೆ ಬಿಚ್ಚಿ, ನಡೆಸಿ ನೋಡಿ ಡಾಕ್ಟರು ಏನು ಹೇಳುತ್ತಾರೋ ಕೇಳಿಕೊಂಡು ಹಣ ಕಟ್ಟುತ್ತೇವೆ.