‘ಗೋಪಾಲಗೌಡ ಸರ್ಕಲ್ ಅಂದ್ರೆ ಯಾವ ಗೋಪಾಲಗೌಡ?’

ವಿಧಾನಸೌಧದ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು ಆಫೀಸಿಗೆ ನಡೆಯುವಾಗ ಹೊಸದಾಗಿ ಕೆಲಸಕ್ಕೆ ಸೇರಿದವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನಾನು ಸಾಗರದ ಕಡೆಯವಳು ಅಂತ ಗೊತ್ತಾದರಂತೂ ಮುಗಿದೇ ಹೋಯಿತು. ‘ಮೇಡಂ, ಅವರು ನಿಮ್ಮ ಕಡೆಯವರಂತಲ್ವಾ? ಮುಖ್ಯಮಂತ್ರಿ ಆಗಿದ್ರಾ?’

ಆಗಿರಲಿಲ್ಲ. ಮಂತ್ರಿಯೂ ಆಗಲಿಲ್ಲ. ಶಾಂತವೇರಿ ಗೋಪಾಲಗೌಡರು ಮೂರು ಸಲ ಶಾಸಕರಾಗಿದ್ದರು. ರಸ್ತೆ ದಾಟುವಷ್ಟರಲ್ಲಿ ಇದಕ್ಕಿಂತ ಜಾಸ್ತಿ ಹೇಳೋಕೆ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅಜ್ಜಿ ಮನೆಯಲ್ಲಿ ಒಂದು ಕೊಳಗ ಇತ್ತು, ಭತ್ತ ಅಳೆಯುವುದು. ಅಜ್ಜಿ ಭತ್ತ ತುಂಬಿ, ಅಂಗೈಯಿಂದ ಮೇಲೆ ಸವರಿ, ಒಂದು ಅನ್ನುವ ಬದಲು ‘ಲಾಭ’ ಅಂತ ಎಣಿಕೆ ಶುರು ಮಾಡುತ್ತಿದ್ದಳು. ಧಣಿಗಳ ಗದ್ದೆ ಮಾಡಿ, ಬೆಳೆಯ ಪಾಲನ್ನು ಅವರಿಗೆ ಗೇಣಿಯಾಗಿ ಕೊಡುತ್ತಿದ್ದ ಕಾಲದಲ್ಲಿ ಈ ಕೊಳಗ ನಡೆಯುತ್ತಿರಲಿಲ್ಲವಂತೆ. ಧಣಿಗಳ ಮನೆಯಿಂದಲೇ ಕೊಳಗ ಬರಬೇಕು, ಅದು ಇದಕ್ಕಿಂತ ದೊಡ್ಡದು. ‘ಅವರ ಆಳು ಲಾಭ ಅಂದಾಗ ನನ್ನ ಹೊಟ್ಟೆ ಉರಿಯೋದು’ ಅನ್ನುತ್ತಿದ್ದಳು. ವರ್ಷವಿಡೀ ದುಡಿದು, ಕಣದಲ್ಲಿ ನಿಂತು, ಕಣ್ಣೆದುರೇ ಹೋಗುವ ಭತ್ತ ನೋಡಬೇಕು. ಬಾಯಿ ಬಿಡುವ ಹಾಗಿಲ್ಲ. ಬಾಯಿ ಬಿಟ್ಟರೆ ಮುಂದಿನ ವರ್ಷ ಗದ್ದೆ ಇಲ್ಲ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಬಾಯಿ ಬಿಟ್ಟರು. ಅಳತೆ ಸರಿಯಾಗಿರಲಿ, ಕೊಟ್ಟ ಗೇಣಿಗೆ ರಸೀದಿ ಕೊಡಿ ಅಂದರು. ಧಣಿಗಳು ಅವರನ್ನು ಒಕ್ಕಲೆಬ್ಬಿಸಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ರೈತ ನಾಯಕ ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿಗಳು ಜೊತೆಯಾದರು. ಒಂದು ತಂಡ ನೇಗಿಲು ಹಿಡಿದು ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿದುಕೊಂಡು ಹೋಗುವುದು, ಆಮೇಲೆ ಇನ್ನೊಂದು ತಂಡ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ಈ ಹೋರಾಟವನ್ನು ಊರೂರಿಗೆ ಒಯ್ದವರು ಗೋಪಾಲಗೌಡರು. ತೀರ್ಥಹಳ್ಳಿ ತಾಲ್ಲೂಕಿನ ಆರಗದವರು, 1942ರ ಚಳವಳಿಯಲ್ಲೇ ಜೈಲು ಕಂಡಿದ್ದವರು.

ಮರುವರ್ಷ, 1952ರಲ್ಲಿ, ಮೊದಲ ಚುನಾವಣೆ. ಸಾಗರ-ಹೊಸನಗರದಲ್ಲಿ ಗೌಡರು ನಿಂತರು. ಎದುರಿಗೆ ಕಾಂಗ್ರೆಸ್ಸಿನ ಬದರಿನಾರಾಯಣ್ ಅಯ್ಯಂಗಾರ್, ದೊಡ್ಡ ಹೆಸರು. ಗೌಡರ ಕೈಯಲ್ಲಿ ಕಾಸಿಲ್ಲ. ಜನರೇ ಓಟಿನ ಜೊತೆ ನೋಟೂ ಕೊಟ್ಟು ಗೆಲ್ಲಿಸಿದರು. ಗದ್ದೆ ಕಳೆದುಕೊಳ್ಳುವ ಭಯ ಇದ್ದವರು ಗಂಟಿನಿಂದ ದುಡ್ಡು ಬಿಚ್ಚಿ ಕೊಡುವುದು ಸಣ್ಣ ಮಾತಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಗಂಟಲು ಕಟ್ಟುತ್ತದೆ.

1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಸದನದಲ್ಲಿ ಗೇಣಿದಾರರ ಪರ ಮಾತಾಡಿದರು, ಆಡಳಿತ ಕನ್ನಡದಲ್ಲಿ ನಡೆಯಲಿ ಅಂದರು, ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಿ ಅಂತ ಪಟ್ಟು ಹಿಡಿದರು. ಅವರ ಗರಡಿಯ ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್ ಮುಂದೆ ಮುಖ್ಯಮಂತ್ರಿಗಳಾದರು. ಹೊಸಬರಿಗೆ ಆ ಹೆಸರುಗಳು ಗೊತ್ತು, ಇವರದು ಗೊತ್ತಿಲ್ಲ. ನನಗೆ ಬೇಜಾರಾಗುವುದು ಅಲ್ಲೇ. ಕುರ್ಚಿ ಲೆಕ್ಕದಲ್ಲೇ ರಾಜಕಾರಣಿಯನ್ನು ಗುರುತಿಡುತ್ತೀವಿ. ಕಣದಲ್ಲಿ ಬಾಯಿ ಮುಚ್ಚಿ ನಿಂತವರ ಮಾತನ್ನು ವಿಧಾನಸೌಧದವರೆಗೆ ತಂದಿದ್ದು ನನ್ನ ಪಾಲಿಗೆ ಯಾವ ಖಾತೆಗಿಂತಲೂ ದೊಡ್ಡದು.

1972ರ ಜೂನ್ 9ರಂದು ಅವರು ತೀರಿಕೊಂಡರು. ವಯಸ್ಸು 49. ಮರುವರ್ಷ ನವೆಂಬರ್ 1ಕ್ಕೆ ರಾಜ್ಯ ಕರ್ನಾಟಕವಾಯಿತು. 1974ರಲ್ಲಿ ಮುಖ್ಯಮಂತ್ರಿ ದೇವರಾಜ ಅರಸರ ‘ಉಳುವವನೇ ಒಡೆಯ’ ಅನ್ನುವ ಭೂಸುಧಾರಣೆ ಜಾರಿಗೆ ಬಂತು. ನಮ್ಮ ಅಜ್ಜನೂ ಅದರ ಅರ್ಜಿ, ಫಾರಂ ನಂಬರ್ ಏಳು, ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟ. ಎರಡು ಎಕರೆ ಗದ್ದೆ ಅವನ ಹೆಸರಿಗಾಯಿತು. ಆ ವರ್ಷದ ಭತ್ತವನ್ನು ಅಜ್ಜಿ ತನ್ನ ಕೊಳಗದಲ್ಲೇ ಅಳೆದಳಂತೆ. ಲಾಭ ಅಂತ ಶುರು ಮಾಡಿ, ಅಲ್ಲೇ ನಿಲ್ಲಿಸಿ, ‘ಗೌಡ್ರು ಇರಬೇಕಿತ್ತು’ ಅಂದಳಂತೆ.