ಲೌಂಜ್‌ನಲ್ಲಿ ಕೆಲಸ ನಡೆಯುವಾಗ

ವಿಮಾನ ನಿಲ್ದಾಣದ ಲೌಂಜ್ ನವೀಕರಣ ನಡೆಯುತ್ತಿದ್ದರೆ, ಅಲ್ಲಿಗೆ ಉಚಿತ ಪ್ರವೇಶ ಕೊಡುವ ಬ್ಯಾಂಕ್ ಕಾರ್ಡ್ ನಂಬಿಕೊಂಡು ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ. ಅರ್ಧ ಜಾಗ ಪ್ಲೈವುಡ್ ಹಿಂದೆ ಹೋದರೆ ಸೀಟೂ ಅರ್ಧವಾಗುತ್ತೆ, ಬೆಳಗಿನ ಜಾವದ ವಿಮಾನಗಳ ಹೊತ್ತಿಗೆ ಕ್ಯೂ ಬಾಗಿಲಾಚೆ ಬಂದಿರುತ್ತೆ. ಹಿಂದಿನ ರಾತ್ರಿಯೇ ಬ್ಯಾಂಕ್ ಆ್ಯಪ್‌ನಲ್ಲಿ ಲೌಂಜ್ ಹೆಸರಿನ ಜೊತೆ ಟರ್ಮಿನಲ್ಲನ್ನೂ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಟಿ1, ಟಿ2 ಬೇರೆ ಬೇರೆ ಕಟ್ಟಡ; ಸೆಕ್ಯುರಿಟಿ ದಾಟಿದ ಮೇಲೆ ಇನ್ನೊಂದರ ಲೌಂಜ್ ನಿಮ್ಮದಲ್ಲ.

ಕೌಂಟರಿನಲ್ಲಿ ಕಾರ್ಡ್ ಪರೀಕ್ಷಿಸಲು ಸಾಮಾನ್ಯವಾಗಿ 2 ರೂಪಾಯಿಗೆ ಮಾಡುವ ಸ್ವೈಪ್‌ಗೆ ಮೊದಲೇ ಕೇಳಿ: ಕೂರಲು ಜಾಗ ಇದೆಯಾ, ಬಿಸಿ ತಿಂಡಿ ಇದೆಯಾ, ಶವರ್ ತೆರೆದಿದೆಯಾ? ಸ್ವೈಪ್ ಆಯಿತೆಂದರೆ ಒಂದು ಉಚಿತ ಭೇಟಿ ಮುಗಿದ ಲೆಕ್ಕ.

ತಾತ್ಕಾಲಿಕ ಗೋಡೆಯಿಂದ ದೂರ ಕೂರಿ. ಪ್ಲಾಸ್ಟಿಕ್ ಶೀಟಿನ ಟೇಪ್ ಬಿಟ್ಟ ಕಡೆ ಜಿಪ್ಸಮ್ ಧೂಳು ನುಸುಳಿ ಸೋಫಾದ ಅಂಚಿನಲ್ಲಿ ಬಿಳಿ ಗೆರೆ ಕೂತಿರುತ್ತೆ. ಆಸ್ತಮಾ ಇದ್ದವರಿಗೆ ಉಬ್ಬಸ ಬರಲು ಅಷ್ಟೇ ಸಾಕು.

ಲೌಂಜ್ ಅಂದರೆ ಬಿಟ್ಟಿ ಊಟ ಅನ್ನುವವರೇ ಜಾಸ್ತಿ. ಮಂಡಿನೋವಿನ ಹಿರಿಯರಿಗೆ ಅದು ಬೆನ್ನು ಒರಗಿಸೋ ಕುರ್ಚಿ, ಹತ್ತಿರದಲ್ಲೊಂದು ಶೌಚಾಲಯ. ರಿಪೇರಿ ವೇಳೆ ಅವೆರಡನ್ನಾದರೂ ಉಳಿಸಿಕೊಡಬೇಕು.

ಬಹಳಷ್ಟು ಲೌಂಜ್‌ಗಳಲ್ಲಿ ಬೋರ್ಡಿಂಗ್ ಕೂಗಲ್ಲ. ದೇಶೀಯ ವಿಮಾನದ ಗೇಟ್ ಸಾಮಾನ್ಯವಾಗಿ ಹೊರಡುವ 25 ನಿಮಿಷ ಮೊದಲೇ ಮುಚ್ಚುತ್ತೆ, ಹಾಗಾಗಿ ಹೊರಡುವ 50 ನಿಮಿಷ ಮೊದಲಿಗೆ ಅಲಾರಂ ಇಡಿ.