‘ನೀವು ಪಾತ್ರೆ ತೊಳೆಯೋದೇ ಇಲ್ವಾ ಅಕ್ಕ?’

ಸಾಗರದಲ್ಲಿ ನಮ್ಮದೊಂದು ಸಣ್ಣ ಫ್ಯಾನ್ಸಿ ಸ್ಟೋರ್. ಬಳೆ, ರಿಬ್ಬನ್, ಕ್ಲಿಪ್ಪು, ಟಿಕ್ಲಿ, ಪೌಡರ್, ನೈಲ್ ಪಾಲಿಶ್ ಎಲ್ಲ ಇದೆ. 11 ವರ್ಷದಿಂದ ಗಲ್ಲಾದಲ್ಲಿ ಕೂರುವವಳು ನಾನೇ. ಚಿಲ್ಲರೆ ಎಣಿಸಿ ಕೈಗಿಡುವಾಗ ಗಿರಾಕಿಗಳ ಕಣ್ಣು ದುಡ್ಡು ಬಿಟ್ಟು ನನ್ನ ಉಗುರಿನ ಮೇಲೆ ಬೀಳುತ್ತದೆ. ಆಮೇಲೆ ಬರುವುದು ಇದೇ ಪ್ರಶ್ನೆ: ಬಣ್ಣ ಇಷ್ಟು ಚೆನ್ನಾಗಿ ಉಳಿದಿದೆಯಲ್ಲ, ನೀವು ಪಾತ್ರೆ ತೊಳೆಯೋದೇ ಇಲ್ವಾ?

ಕೇಳುವ ಧಾಟಿ ಮಾತ್ರ ಬೇರೆ ಬೇರೆ. ಕಾಲೇಜು ಹುಡುಗಿಯರಿಗೆ ನಿಜಕ್ಕೂ ಗುಟ್ಟು ಬೇಕು. ನನ್ನ ಓರಗೆಯವರ ದನಿಯಲ್ಲಿ ಸ್ವಲ್ಪ ಕುಟುಕು ಇರುತ್ತದೆ, ಆಳಿಟ್ಟುಕೊಂಡ ಸುಖವಂತೆ ಇವಳು ಅಂತ. ನಮ್ಮ ಮನೆಯಲ್ಲಿ ಆರು ಜನ, ಎರಡು ಹೊತ್ತು ಪಾತ್ರೆ, ತೊಳೆಯುವ ಕೈ ಇದೇ. ಆದರೂ ಭಾನುವಾರ ರಾತ್ರಿ ಹಚ್ಚಿದ್ದು ಮುಂದಿನ ಶನಿವಾರದವರೆಗೆ ಬರುತ್ತದೆ. ಅಂಗಡಿಯಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿದರೆ ‘ಹೇಳ್ಬೇಡಿ ಬಿಡಿ’ ಅಂತ ನಗುತ್ತಾರೆ. ಅದಕ್ಕೇ ಕೂತು ಬರೆದೆ.

ಎಲ್ಲರೂ ಬೈಯುವುದು ಪಾತ್ರೆ ಸೋಪನ್ನು, ಇಲ್ಲವೇ ಸ್ಟೀಲ್ ಜುಂಗನ್ನು. ಅವೂ ಸಾಚಾ ಅಲ್ಲ. ಆದರೆ ಮೊದಲು ಬಣ್ಣ ಸಡಿಲಿಸುವುದು ನೀರು. ಮಳೆಗಾಲದಲ್ಲಿ ನಮ್ಮ ಕಡೆಯ ಮರದ ಬಾಗಿಲು ಉಬ್ಬಿ, ಚಿಲಕ ಹಾಕಲು ಭುಜ ಕೊಟ್ಟು ತಳ್ಳಬೇಕಾಗುತ್ತದಲ್ಲ, ಉಗುರೂ ಹಾಗೆಯೇ. ನೋಡಲು ಕಲ್ಲಿನ ಹಾಗಿದ್ದರೂ ಅದು ಕೆರಾಟಿನ್ ಎಂಬ ಪ್ರೋಟೀನಿನ ತೆಳು ಪದರಗಳನ್ನು ಒಂದರ ಮೇಲೊಂದು ಒತ್ತಿದಂತಿರುವ ವಸ್ತು, ನೀರು ಕುಡಿಯುತ್ತದೆ. ಅರ್ಧ ಗಂಟೆ ಸಿಂಕಿನಲ್ಲಿ ಕೈಯಾಡಿಸಿದರೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲೆ ಕೂತ ಬಣ್ಣದ ಪೊರೆಗೆ ಅಷ್ಟು ಹಿಗ್ಗಿ ಕುಗ್ಗಲು ಬರುವುದಿಲ್ಲ. ತುದಿಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ, ಅಲ್ಲಿಂದ ನೀರು ಒಳಗೆ ನುಗ್ಗುತ್ತದೆ, ಮಾರನೇ ದಿನ ಚಕ್ಕೆ ಏಳುತ್ತದೆ. ಬಣ್ಣ ಹಚ್ಚದವರ ಉಗುರಿನ ತುದಿ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಿಚ್ಚುವುದೂ ಬಹಳ ಮಟ್ಟಿಗೆ ಇದರಿಂದಲೇ.

ಹಾಗಾಗಿ ಬಣ್ಣ ಹಚ್ಚುವ ಮುಂಚೆ ಕೈ ನೆನೆಸಬೇಡಿ. ಪಾರ್ಲರಿನಲ್ಲಿ ಬಿಸಿನೀರಿನ ಬಟ್ಟಲಲ್ಲಿ ಕೈ ಅದ್ದಿಸಿ, ಒರೆಸಿ, ತಕ್ಷಣ ಬಣ್ಣ ಬಳಿದು ಕಳಿಸುತ್ತಾರಲ್ಲ, ಅದು ಉಬ್ಬಿದ ಬಾಗಿಲಿಗೆ ಪೇಂಟ್ ಹೊಡೆದ ಹಾಗೆ. ಮನೆಗೆ ಬರುವಷ್ಟರಲ್ಲಿ ಬಾಗಿಲು ಕುಗ್ಗಿರುತ್ತದೆ.

ಪಾಲಿಶ್ ಬಾಟಲಿಯಲ್ಲಿರುವುದು ನೈಟ್ರೋಸೆಲ್ಯುಲೋಸ್ ಎಂಬ ಪೊರೆ ಕಟ್ಟುವ ಪದಾರ್ಥ, ಅದನ್ನು ಕರಗಿಸಿಟ್ಟ ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್, ಜೊತೆಗೆ ಬಣ್ಣ, ಅಂಟು. ಮೂಗಿಗೆ ಬಡಿಯುವ ವಾಸನೆ ಆ ಅಸಿಟೇಟುಗಳದ್ದು. ಅವು ಹಾರಿಹೋದ ಮೇಲೆ ಉಳಿಯುವುದೇ ಬಣ್ಣದ ಪೊರೆ. ಮುಟ್ಟಿದರೆ ಅಂಟದಿರುವಷ್ಟು ಒಣಗಲು 10 ನಿಮಿಷ ಸಾಕು. ಆದರೆ ಅಡಿಯ ಪದರದ ಅಸಿಟೇಟ್ ಹೊರಬರಲು ಗಂಟೆಗಟ್ಟಲೆ ಹಿಡಿಯುತ್ತದೆ. ‘ಒಣಗಿತ್ತು ಅಕ್ಕ, ಆದ್ರೂ ಹಾಸಿಗೆ ಬಟ್ಟೆಯ ಗೀಟು ಮೂಡಿದೆ’ ಅಂತ ಬಂದು ತೋರಿಸುತ್ತಾರಲ್ಲ, ಅದು ಈ ಕಾರಣಕ್ಕೆ. ಹೆಚ್ಚು ದಪ್ಪ ಬಳಿದಷ್ಟೂ ಈ ಕಾಟ ಹೆಚ್ಚು.

ನಾನು ಹಚ್ಚುವುದು ಭಾನುವಾರ ರಾತ್ರಿ, ಊಟದ ಪಾತ್ರೆ ಮುಗಿದು ಒಂದು ಗಂಟೆ ಆದ ಮೇಲೆ. ಆ ಹೊತ್ತಿಗೆ ಉಗುರು ಪೂರ್ತಿ ಆರಿರುತ್ತದೆ, ಬೆಳಿಗ್ಗೆವರೆಗೆ ನೀರಿನ ಕೆಲಸವಿಲ್ಲ. ಮೊದಲು ಹತ್ತಿಗೆ ರಿಮೂವರ್ ಹಾಕಿ ಬರೀ ಉಗುರನ್ನೇ ಒಮ್ಮೆ ಒರೆಸುತ್ತೇನೆ, ಹಳೇ ಬಣ್ಣ ಇರಲಿ ಬಿಡಲಿ. ಒಗ್ಗರಣೆ ಕೈಯ ಎಣ್ಣೆ ಉಗುರಿನ ಮೇಲೆ ಕೂತಿರುತ್ತದೆ, ಎಣ್ಣೆಯ ಮೇಲೆ ಯಾವ ಬಣ್ಣವೂ ಹಿಡಿಯುವುದಿಲ್ಲ. ಆಮೇಲೆ ಬಣ್ಣವಿಲ್ಲದ ಬೇಸ್ ಕೋಟ್. ನಂತರ ಬಣ್ಣ, ತೆಳ್ಳಗೆ, ಎಷ್ಟು ತೆಳ್ಳಗೆ ಅಂದರೆ ಮೊದಲ ಸಲ ಬಳಿದದ್ದು ಗೀರು ಗೀರಾಗಿ ಕಂಡು ‘ಥೂ’ ಅನ್ನಿಸಬೇಕು. ಮೂರು ನಿಮಿಷ ಬಿಟ್ಟು ಎರಡನೇ ಸಲ. ಇನ್ನೊಂದು ಕೆಲಸವನ್ನು ನಮ್ಮ ಗಿರಾಕಿಗಳಲ್ಲಿ ಹತ್ತಕ್ಕೆ ಒಬ್ಬರೂ ಮಾಡುವುದಿಲ್ಲ. ಬ್ರಷ್ಷನ್ನು ಉಗುರಿನ ತುದಿಯ ಅಂಚಿಗೆ, ಅಂದರೆ ಉಗುರು ಕತ್ತರಿಸಿದ ಬಾಯಿಗೆ, ಅಡ್ಡಡ್ಡ ಒಂದು ಸಲ ಎಳೆಯಬೇಕು. ಸೀರೆಯ ಸೆರಗಿಗೆ ಅಂಚು ಹೊಲಿದಂತೆ. ನೀರು ನುಗ್ಗುವ ಬಾಗಿಲು ಅದೇ ಆದ್ದರಿಂದ ಅದನ್ನು ಮುಚ್ಚಿದರೆ ಎರಡು ಮೂರು ದಿನ ಹೆಚ್ಚು ಬರುತ್ತದೆ. ಮೇಲೆ ಟಾಪ್ ಕೋಟ್ ಹಾಕುತ್ತೇನೆ, ಬುಧವಾರ ಅದನ್ನೇ ಇನ್ನೊಮ್ಮೆ.

ಆಷಾಢದ ಮಳೆಯಲ್ಲಿ ಒಂದು ತಕರಾರು ಗ್ಯಾರಂಟಿ. ‘ಬಣ್ಣ ಹಾಲು ಹಾಲಾಗಿದೆ, ಹಳೇ ಸ್ಟಾಕ್ ಕೊಟ್ರಿ’ ಅಂತ. ಸ್ಟಾಕಿನದಲ್ಲ ತಪ್ಪು. ಅಸಿಟೇಟ್ ಹಾರುವಾಗ ಉಗುರಿನ ಮೇಲ್ಮೈ ತಣ್ಣಗಾಗುತ್ತದೆ, ತೇವದ ಗಾಳಿಯ ನೀರು ಅದರ ಮೇಲೆ ಇಬ್ಬನಿಯಂತೆ ಕೂತು ಪೊರೆಯನ್ನು ಬೆಳ್ಳಗೆ ಮಾಡುತ್ತದೆ. ನಾನು ಆ ತಿಂಗಳುಗಳಲ್ಲಿ ಒಲೆ ಉರಿದು ಬೆಚ್ಚಗಾದ ಅಡುಗೆಮನೆಯಲ್ಲೇ ಹಚ್ಚುವುದು. ಆದರೆ ಒಲೆ ಆರಿಸಿದ ಮೇಲೆ! ಪಾಲಿಶ್, ರಿಮೂವರ್ ಎರಡಕ್ಕೂ ಬೆಂಕಿ ತಟ್ಟನೆ ಹತ್ತುತ್ತದೆ. ಬಾಟಲಿ ಗಟ್ಟಿಯಾದರೆ ರಿಮೂವರ್ ಸುರಿಯಬೇಡಿ, ಪೊರೆ ಕೆಡುತ್ತದೆ. ನೈಲ್ ಪಾಲಿಶ್ ಥಿನ್ನರ್ ಅಂತಲೇ ಸಿಗುತ್ತದೆ, ಎರಡು ಹನಿ ಸಾಕು.

ಇನ್ನು ಪಾತ್ರೆಯ ವಿಷಯ. ರಬ್ಬರ್ ಗ್ಲೌಸ್. ಇಷ್ಟೇ ಗುಟ್ಟು. ಮೊದಲ ದಿನ ಹಾಕಿಕೊಂಡಾಗ ನಮ್ಮ ಅತ್ತೆ ‘ಏನೇ, ಆಪರೇಷನ್ ಮಾಡ್ತೀಯಾ?’ ಅಂದಿದ್ದರು. ಬೇಸ್ ಕೋಟ್, ಟಾಪ್ ಕೋಟ್ ಎರಡೂ ಮಾರುವವಳಾಗಿ ಹೇಳುತ್ತೇನೆ, ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಅವೆರಡನ್ನೂ ಬಿಟ್ಟು ಒಂದು ಜೊತೆ ಗ್ಲೌಸ್ ಕೊಳ್ಳಿ. ಗ್ಲೌಸ್ ಆಗದವರು ಪಾತ್ರೆ ಮುಗಿದ ಕೂಡಲೇ ಕೈ ಒರೆಸಿ ಉಗುರಿಗೆ ಒಂದು ಹನಿ ಕೊಬ್ಬರಿ ಎಣ್ಣೆ ತಿಕ್ಕಿದರೂ ಆದೀತು.

ನಮ್ಮ ಸೀಮೆಯ ಇನ್ನೊಂದು ಸಂಕಟ ಅಡಿಕೆ. ದೀಪಾವಳಿ ಕಳೆದು ಕೊಯ್ಲು ಶುರುವಾಯಿತೆಂದರೆ ಅಡಿಕೆ ಸುಲಿಯುವ ಹೆಂಗಸರ ಕೈ ಬೇರೆಯೇ ಆಗುತ್ತದೆ. ಹೋದ ವರ್ಷ ಒಬ್ಬರು ಬಂದಿದ್ದರು. ತಂಗಿಯ ಮಗಳ ಮದುವೆಗೆ ನಾಲ್ಕೇ ದಿನ. ಬಳೆ ತೊಡಿಸೋಣವೆಂದು ಕೈ ಹಿಡಿದೆ. ಹೆಬ್ಬೆರಳು, ತೋರುಬೆರಳಿನ ಉಗುರಿನ ಸಂದಿಯೆಲ್ಲ ಕಪ್ಪು, ಉಗುರಿನ ಮೇಲೆ ಉದ್ದುದ್ದ ಕಂದು ಗೆರೆ. ಅವರು ಮಡಚಿದ ಬೆರಳು ಬಿಡಿಸಲೇ ಇಲ್ಲ. ‘ಬ್ಲೇಡಲ್ಲಿ ಹೆರೆದೆ ಕಣೇ, ಹೋಗ್ಲಿಲ್ಲ’ ಅಂದರು. ಹೆರೆದ ಜಾಗ ತೆಳುವಾಗಿ ಕೆಂಪು ಕಾಣುತ್ತಿತ್ತು. ಅಡಿಕೆಯ ಚೊಗರಿನಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಇದೆ, ಅದು ಸುಲಿಯುವ ಮೆಟ್ಟುಗತ್ತಿಯ ಕಬ್ಬಿಣಕ್ಕೆ ಸೇರಿದರೆ ಮಸಿಯಂಥ ಕಪ್ಪು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅಂತಾರಲ್ಲ, ಇಲ್ಲಿ ಉಗುರಿಗೇ ಕೊಡಲಿ ಹಾಕಿಕೊಂಡಿದ್ದರು. ರಸ ಹಿಂಡಿದ ನಿಂಬೆ ಹೋಳಿನಿಂದ ಎರಡು ದಿನ ಮೆಲ್ಲಗೆ ತಿಕ್ಕಿ, ತೊಳೆದು, ಎಣ್ಣೆ ಹಚ್ಚಿ ಅಂದೆ. ಹೆರೆದು ಕೆಂಪಾದ ಜಾಗಕ್ಕೆ ಮಾತ್ರ ನಿಂಬೆ ಮುಟ್ಟಿಸಬೇಡಿ, ಉರಿಯುತ್ತದೆ ಅಂತಲೂ. ಮೂರನೇ ದಿನ ಬಂದು ಗಾಢ ಮರೂನ್ ತೆಗೆದುಕೊಂಡು ಹೋದರು. ಈ ವರ್ಷ ಸುಲಿ ಶುರುವಾಗುವ ಮುಂಚೆಯೇ ಬಂದು ಬಣ್ಣವಿಲ್ಲದ ಪಾಲಿಶ್ ಒಯ್ದಿದ್ದಾರೆ, ಕಲೆ ಉಗುರಿಗೆ ಇಳಿಯದ ಹಾಗೆ ಮೊದಲೇ ಎರಡು ಪದರ. ಇದು ನಾನು ಹೇಳಿಕೊಟ್ಟದ್ದಲ್ಲ, ಅವರದೇ ತಲೆ.

ಉಗುರಿನ ಬುಡದಲ್ಲಿ ಅಂಟಿಕೊಂಡ ತೆಳು ಚರ್ಮವಿದೆಯಲ್ಲ, ಅದನ್ನು ಕತ್ತರಿಸಬೇಡಿ. ಇದು ಪುಸ್ತಕದ ಮಾತಲ್ಲ. ನನ್ನ ತಮ್ಮನ ಮದುವೆಗೆ ಒಂದು ಪಾರ್ಲರಿನಲ್ಲಿ ಮ್ಯಾನಿಕ್ಯೂರ್ ಮಾಡಿಸಿದ್ದೆ. ಆ ಚರ್ಮವನ್ನು ಚಕಚಕನೆ ಕತ್ತರಿಸಿ ಬುಡ ಸ್ವಚ್ಛ ಮಾಡಿಕೊಟ್ಟರು, ಬಲು ಅಂದವಾಗಿಯೂ ಕಂಡಿತು. ಮೂರನೇ ದಿನ, ಧಾರೆಯ ಹೊತ್ತಿಗೆ, ಎಡಗೈ ನಡುಬೆರಳು ಡವಡವ ಹೊಡೆದುಕೊಳ್ಳತೊಡಗಿತು. ಉಗುರುಸುತ್ತು. ದೊಡ್ಡಮ್ಮ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸಿದರು. ಫೋಟೋಗಳಲ್ಲಿ ನಾನು ಒಂದು ಕೈಗೆ ನಿಂಬೆಹಣ್ಣು ತೊಟ್ಟೇ ಇದ್ದೇನೆ. ತಂಪು ಅನ್ನಿಸಿದ್ದು ನಿಜ, ಕೀವು ಇಳಿಯಲಿಲ್ಲ. ಡಾಕ್ಟರು ಕೀವು ತೆಗೆದು ಮಾತ್ರೆ ಕೊಟ್ಟ ಮೇಲೆಯೇ ನಿದ್ದೆ ಬಂದದ್ದು. ಆ ಚರ್ಮ ಇರುವುದೇ ಬುಡದ ಸಂದಿಗೆ ಗಾರೆ ಹಾಕಿದಂತೆ ರೋಗಾಣು ತಡೆಯಲಿಕ್ಕೆ. ಕೈಯುಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿಲಿಮೀಟರ್. ಬುಡದಲ್ಲಾದ ಗಾಯದ ಗುರುತು ತುದಿಗೆ ಹೋಗಿ ಕತ್ತರಿಸಿ ಬಿಸಾಡುವಷ್ಟರಲ್ಲಿ ನನಗೆ ಆರು ತಿಂಗಳು ಹಿಡಿಯಿತು. ಕಾಲಿನದಾದರೆ ವರ್ಷದ ಮೇಲೆ.

ಉಗುರಿನ ಮೇಲಿನ ಬಿಳಿ ಚುಕ್ಕೆ ತೋರಿಸಿ ‘ಕ್ಯಾಲ್ಸಿಯಂ ಕಡಿಮೆಯಾ’ ಅಂತ ಕೇಳುವವರಿಗೂ ಇದರಲ್ಲೇ ಉತ್ತರವಿದೆ. ಹೆಚ್ಚಿನವು ಬುಡಕ್ಕೆ ಯಾವಾಗಲೋ ತಗುಲಿದ ಸಣ್ಣ ಪೆಟ್ಟಿನ ಗುರುತು. ಕಾಣುವ ಹೊತ್ತಿಗೆ ಪೆಟ್ಟು ಮರೆತಿರುತ್ತದೆ.

ಜೆಲ್ ಪಾಲಿಶ್ ಮನೆಯಲ್ಲೇ ಮಾಡಿಕೊಳ್ಳಬಹುದಾ ಅಂತ ಈಚೆಗೆ ಬಹಳ ಜನ ಕೇಳುತ್ತಾರೆ. ಅದನ್ನು ಗಟ್ಟಿ ಮಾಡುವ ಸಣ್ಣ ಲ್ಯಾಂಪು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದಂತೆ. ನಾನು ಇಟ್ಟಿಲ್ಲ, ಇಡುವುದೂ ಇಲ್ಲ. ಜೆಲ್ಲಿನಲ್ಲಿರುವ ಅಕ್ರಿಲೇಟ್ ಎಂಬ ಪದಾರ್ಥಗಳು ಆ ಲ್ಯಾಂಪಿನ ಬೆಳಕಿಗೆ ಪೂರ್ತಿ ಗಟ್ಟಿಯಾಗದೆ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟಬಹುದು, ಹುಟ್ಟಿದರೆ ಅದು ಜೀವಮಾನದ ನಂಟು. ಅದೇ ಜಾತಿಯ ಪದಾರ್ಥ ಹಲ್ಲಿಗೆ ತುಂಬುವುದರಲ್ಲೂ ಇರುತ್ತದೆ, ಮುಂದೆ ಅಲ್ಲೂ ತೊಂದರೆ ಕೊಡಬಹುದು. ಕೆಲವು ಜೆಲ್ಲುಗಳಲ್ಲಿರುವ ಟಿಪಿಒ ಎಂಬ ರಾಸಾಯನಿಕವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ.

ಉಗುರಿನ ಮಾತು ಮುಖಕ್ಕೆ ಬಂದೇ ಬರುತ್ತದೆ. ಕಣ್ಣಿನ ರೆಪ್ಪೆ ಕೆಂಪಗಾಗಿ ತುರಿಕೆ, ಕಾಡಿಗೆ ಬದಲಾಯಿಸಿದರೂ ಹೋಗಲಿಲ್ಲ ಅಂತ ಒಬ್ಬ ಹುಡುಗಿ ಮೂರು ಕಂಪನಿಯ ಕಾಡಿಗೆ ನನ್ನಿಂದಲೇ ಕೊಂಡಿದ್ದಳು. ಚರ್ಮದ ಡಾಕ್ಟರು ಅವಳ ಕೈ ನೋಡಿ ನೈಲ್ ಪಾಲಿಶ್ ನಿಲ್ಲಿಸು ಅಂದರಂತೆ. ಉಗುರಿನ ಹತ್ತಿರದ ಚರ್ಮ ದಪ್ಪ, ಅಲ್ಲಿ ಏನೂ ಕಾಣುವುದಿಲ್ಲ. ದಿನಕ್ಕೆ ನೂರು ಸಲ ಆ ಕೈ ಮುಟ್ಟುವ ರೆಪ್ಪೆಯ ಚರ್ಮ ತೆಳು, ಅಲರ್ಜಿ ಅಲ್ಲಿ ಏಳುತ್ತದೆ, ಕತ್ತಿನಲ್ಲೂ ಏಳುತ್ತದೆ. ನನಗೆ ಅದು ಗೊತ್ತಿರಲಿಲ್ಲ. ಮೂರು ಕಾಡಿಗೆಯ ದುಡ್ಡು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ನನ್ನ ಮುಖದ ಮೇಕಪ್ಪಿಗೆ ಐದು ನಿಮಿಷ ಸಾಕು. ಸನ್‌ಸ್ಕ್ರೀನ್, ಸ್ವಲ್ಪ ಕಾಂಪ್ಯಾಕ್ಟ್, ಕಾಡಿಗೆ, ಲಿಪ್‌ಸ್ಟಿಕ್, ಅದನ್ನೇ ಬೆರಳಿಗೆ ಚೂರು ತಾಗಿಸಿ ಕೆನ್ನೆಗೂ. ರಾತ್ರಿ ಕೊಬ್ಬರಿ ಎಣ್ಣೆ ಹತ್ತಿಯಲ್ಲಿ ಕಾಡಿಗೆ ಒರೆಸದೆ ಮಲಗುವುದಿಲ್ಲ. ಅಕ್ಕ ತಂಗಿಯರು ಒಂದೇ ಕಾಡಿಗೆ ಕಡ್ಡಿ ಹಂಚಿಕೊಳ್ಳುವುದು ಬೇಡ, ಒಬ್ಬರಿಗೆ ಮದ್ರಾಸ್ ಐ ಬಂದರೆ ಮನೆಗೆಲ್ಲ ಬರುತ್ತದೆ. ಜಾತ್ರೆಯಲ್ಲಿ ಹೆಸರಿಲ್ಲದ ಡಬ್ಬಿಯಲ್ಲಿ ಮಾರುವ ಸುರ್ಮಾ ಅಂತೂ ಬೇಡವೇ ಬೇಡ, ಸುರ್ಮಾದಲ್ಲಿ ಸೀಸ ಇರುವುದು ಎಷ್ಟೋ ಸಲ ಸಿಕ್ಕಿದೆ. ಡಬ್ಬಿಯ ಮೇಲೆ ತಯಾರಕರ ವಿಳಾಸ, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್, ಎಂದಿನೊಳಗೆ ಬಳಸಬೇಕೆಂಬ ತಾರೀಕು ನೋಡಿ ತೆಗೆದುಕೊಳ್ಳಿ. ನನ್ನ ಅಂಗಡಿಯಲ್ಲೂ ನೋಡಿ.

ಟಿಕ್ಲಿಯ ಬಗ್ಗೆ ಒಂದೇ ಮಾತು. ಅಂಟಿಸುವ ಜಾಗದಲ್ಲಿ ತುರಿಕೆಯೋ ಬಿಳಿ ಮಚ್ಚೆಯೋ ಕಂಡರೆ ಅದೇ ದಿನ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಕೆಲವು ಟಿಕ್ಲಿಗಳ ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಚರ್ಮದ ಬಣ್ಣ ತಯಾರಿಸುವ ಜೀವಕೋಶಗಳನ್ನೇ ಕೊಲ್ಲುತ್ತದೆ. ಮಚ್ಚೆ ಮುಚ್ಚಲಿಕ್ಕೆ ಇನ್ನೂ ದೊಡ್ಡ ಟಿಕ್ಲಿ ಕೇಳಿಕೊಂಡು ಬಂದವರನ್ನು ನಾನೇ ಕಂಡಿದ್ದೇನೆ. ಅವರಿಗೆ ಟಿಕ್ಲಿ ಕೊಡಲಿಲ್ಲ. ಸಿಟ್ಟು ಮಾಡಿಕೊಂಡು ಎದುರಂಗಡಿಗೆ ಹೋದರು.

ಕೊನೆಗೆ ಯಾವ ಬಣ್ಣ ಅಂತ ಕೇಳುತ್ತಾರೆ. ಅಡುಗೆ ಮಾಡುವ ಕೈಗೆ ತಿಳಿ ಗುಲಾಬಿಯೂ ಬೇಡ, ಬಿಳಿಯೂ ಬೇಡ, ಅರಿಶಿನ ಹಿಡಿದು ಒಂದೇ ದಿನಕ್ಕೆ ಹಳದಿ. ಹಿಡಿದಿದ್ದರೆ ಬಿಸಿಲಿಗೆ ಕೈ ಒಡ್ಡಿ ಕೂರಿ, ಅರಿಶಿನದ ಬಣ್ಣ ಬಿಸಿಲಿಗೆ ಬಿಳುಚುತ್ತದೆ. ಚಕ್ಕೆ ಎದ್ದರೂ ಕಾಣಬಾರದೆಂದರೆ ನಿಮ್ಮ ಮೈಬಣ್ಣಕ್ಕೆ ಹತ್ತಿರದ ಕಂದು. ನನಗೆ ಮಾತ್ರ ಮರೂನೇ ಆಗಬೇಕು. ಬಲಗೈ ಹೆಬ್ಬೆರಳಿನದು ನಿನ್ನೆ ಕಾಯಿ ತುರಿಯುವಾಗ ತುದಿಯಲ್ಲಿ ಹಾರಿದೆ. ಇವತ್ತಿನ್ನೂ ಗುರುವಾರ.